ವಾಪಸ್ ಬರುವ ಮನಸ್ಸಿಗೆ ಸಾಕ್ಷಿ

ಡೇಲಿ ಸಿಟಿ,
ಅಕ್ಟೋಬರ್ 20, 2024, ಭಾನುವಾರ

ಕೌಂಟಿ ತೆರಿಗೆ ಕಚೇರಿಯ ಘನ ಅಧಿಕಾರಿಗಳೇ, ಮೂರನೇ ಕಿಟಕಿಯ ಗಾಜಿನಾಚೆ ಕುಳಿತ ಮಹನೀಯರೇ, ಸರದಿಯಲ್ಲಿ ನಿಂತು ಕಾಲು ಸೋತ ನಾಗರಿಕ ಬಂಧುಗಳೇ! ದಿವಂಗತ ಎಸ್ತ್ರೆಲಿಟಾಳ ಒಡಹುಟ್ಟಿದ ತಮ್ಮನೂ, ನಲವತ್ತಾರು ವರ್ಷದ ಅವಿವಾಹಿತನೂ, ಅಂಚೆ ಕಚೇರಿಯ ಅರ್ಧ ದಿನದ ನೌಕರನೂ ಆದ ರೆನಾಟೊ ದುಮ್ಲಾವ್ ಎಂಬ ನಾನು ಪ್ರಮಾಣಪೂರ್ವಕವಾಗಿ ಹೇಳಿಕೊಳ್ಳುವುದೇನೆಂದರೆ...

ಹೆದರಬೇಡ ರೋಸೆಲ್ ಮಗು, ಪತ್ರ ನಿನಗೇ. ಮೇಲಿನದು ನಾನು ಹದಿನೈದು ದಿನಗಳಿಂದ ಬಚ್ಚಲುಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿರುವ ಭಾಷಣ. 'ಹೇಳಿಕೊಳ್ಳುವುದೇನೆಂದರೆ' ಎನ್ನುವವರೆಗೆ ಸೊಗಸಾಗಿ ಬರುತ್ತದೆ. ಅಲ್ಲಿಂದ ಮುಂದೆ ನಾಲಿಗೆ ಏಳುವುದಿಲ್ಲ. ಕನ್ನಡಿಯಲ್ಲಿರುವವನು ನನ್ನನ್ನು ನೋಡುತ್ತಾನೆ, ನಾನು ಅವನನ್ನು ನೋಡುತ್ತೇನೆ, ಕೊನೆಗೆ ಇಬ್ಬರೂ ಹಲ್ಲುಜ್ಜಿಕೊಂಡು ಹೊರಗೆ ಬರುತ್ತೇವೆ.

ಫೋನಿನಲ್ಲಿ ನೀನು ಹೇಳಿದ್ದು ನೆನಪಿದೆ. 'ಅಂಕಲ್, ಆ ಫಾರ್ಮ್‌ನಲ್ಲಿ ಏನ್ ಬೇಕೋ ಬರ್ಕೊಳ್ಳಿ. ನನ್ನ ಯಾಕೆ ಕೇಳ್ತೀರ?' ಎಂದು ಹೇಳಿ ಇಟ್ಟುಬಿಟ್ಟೆ. ತಪ್ಪೇನಿಲ್ಲ. ತಾಯಿ ಹೋಗಿ ನಾಲ್ಕು ತಿಂಗಳಾಗಿಲ್ಲ, ಮಾವ ಫೋನ್ ಮಾಡಿ ತೆರಿಗೆಯ ಮಾತಾಡುತ್ತಾನೆ. ನಾನೇ ನೀನಾಗಿದ್ದರೂ ಇಟ್ಟುಬಿಡುತ್ತಿದ್ದೆ. ಆದರೆ ಫೋನಿನಲ್ಲಿ ಹೇಳಲಾಗದ್ದನ್ನು ಕಾಗದದಲ್ಲಿ ಹೇಳಬಹುದು ಎಂದು ನಂಬಿ ಇಪ್ಪತ್ತನಾಲ್ಕು ವರ್ಷ ಹೊಟ್ಟೆ ಹೊರೆದವನು ನಾನು. ಆದ್ದರಿಂದ ಕೂತು ಓದು. ನಿನ್ನ ಆಸ್ಪತ್ರೆಯ ಡ್ಯೂಟಿ ಮುಗಿಸಿ, ಊಟ ಮಾಡಿ, ಆಮೇಲೆ ಓದು.

ವಿಷಯ ಇಷ್ಟು. ಈ ಮನೆಯನ್ನು ನಿನ್ನ ತಾತ ಎಪ್ಪತ್ತೈದರಲ್ಲಿ ಕೊಂಡರು. ನೌಕಾಪಡೆಯಲ್ಲಿ ಅಧಿಕಾರಿಗಳಿಗೆ ಅಡುಗೆ ಮಾಡಿ ಹಾಕಿ ಕೂಡಿಟ್ಟ ಹಣ. ಅವತ್ತಿನ ಬೆಲೆಯ ಮೇಲೆ ಹಾಕಿದ ತೆರಿಗೆ ವರ್ಷ ವರ್ಷ ಇರುವೆಯ ಹಾಗೆ ಒಂದೊಂದೇ ಹೆಜ್ಜೆ ಏರಿದೆಯೇ ಹೊರತು ಹಾರಿಲ್ಲ. ತಾತ ಹೋದಾಗ ಅಜ್ಜಿಗೆ ಬಂತು, ಅಜ್ಜಿ ಹೋದಾಗ ನನಗೂ ನಿನ್ನಮ್ಮನಿಗೂ ಜಂಟಿಯಾಗಿ ಬಂತು; ಎರಡು ಸಲವೂ ತೆರಿಗೆಯವರು ತಲೆಯೆತ್ತಿ ನೋಡಲಿಲ್ಲ. ಅವತ್ತು ವಕೀಲರು ಅರ್ಧರ್ಧ ಪಾಲು ಬರೆಯೋಣವೇ ಎಂದು ಕೇಳಿದರೆ ನಿನ್ನಮ್ಮ ಸಿಡುಕಿದಳು. 'ಪಾಲು ಯಾಕ್ರೀ? ಇದೇನು ಕೇಕಾ? ಇಬ್ರ ಹೆಸರೂ ಒಟ್ಟಿಗೆ ಬರೀರಿ. ಉಳಿದೋರಿಗೆ ಮನೆ.' ಉಳಿಯುವವಳು ತಾನೇ ಎಂದು ಅವಳಿಗೆ ಗ್ಯಾರಂಟಿ ಇತ್ತು. ನಾನು ನಡುರಸ್ತೆಯಲ್ಲಿ ನಾಯಿ ಕಚ್ಚಿಸಿಕೊಂಡು ಸಾಯುತ್ತೇನೆ ಎಂದು ಆಗಾಗ ಹೇಳುತ್ತಿದ್ದಳು.

ಈಗ ಉಳಿದವನು ನಾನು. ಗಂಡ ಹೆಂಡತಿಗೆ, ತಾಯಿ ಮಕ್ಕಳಿಗೆ ಇದ್ದ ರಿಯಾಯಿತಿ ಅಕ್ಕ ತಮ್ಮನಿಗಿಲ್ಲ; ಕಾನೂನಿನ ಪ್ರಕಾರ ಮನುಷ್ಯ ಸತ್ತ ದಿನ ಅವನ ಪಾಲಿನ ಮನೆ ಹೊಸದಾಗಿ ಹುಟ್ಟುತ್ತದೆ, ಇವತ್ತಿನ ಪೇಟೆಯ ಬೆಲೆಗೆ. ಅಂದರೆ ಅಡುಗೆಮನೆ ಎಪ್ಪತ್ತೈದರಲ್ಲೇ ಇರುತ್ತದೆ, ನಿನ್ನಮ್ಮನ ಕೋಣೆ ಮಾತ್ರ ಎರಡು ಸಾವಿರದ ಇಪ್ಪತ್ತನಾಲ್ಕಕ್ಕೆ ಬರುತ್ತದೆ. ಹಳೆ ಮನೆ, ಹಳೆ ಕರ. ಹೊಸ ಸಾವು, ಹೊಸ ದರ. (ಗೊತ್ತು, ಗೊತ್ತು. ನಿನ್ನಮ್ಮ ಇದ್ದಿದ್ದರೆ 'ಪ್ರಾಸ ಹಾಕಿದ್ರೆ ಪಾತ್ರೆ ತೊಳ್ದಂಗಾಗಲ್ಲ ಕಣೋ ನಾಟೊ, ಕೈ ಹಾಕು' ಎನ್ನುತ್ತಿದ್ದಳು. ಚರ್ಚಿನ ಬಿಂಗೋ ಆಟಕ್ಕೆ ನಾನು ಬರೆಯುತ್ತಿದ್ದ ಪ್ರಾಸದ ಪ್ರಕಟಣೆಗಳನ್ನು ಅವಳು ಮೀನು ಸುತ್ತಲು ಬಳಸುತ್ತಿದ್ದಳು.) ಹೊಸ ದರ ಬಂದರೆ ತೆರಿಗೆ ನಾಲ್ಕು ಪಟ್ಟಾಗುತ್ತದೆ. ಮೊಣಕಾಲು ಕೈಕೊಟ್ಟ ಮೇಲೆ ನನಗೆ ಬೀದಿ ಸುತ್ತುವ ಕೆಲಸವಿಲ್ಲ. ಬೆಳಿಗ್ಗೆ ಕಚೇರಿಯಲ್ಲಿ ಕೂತು ಪತ್ರ ವಿಂಗಡಿಸಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತೇನೆ, ಸಂಬಳವೂ ಅಷ್ಟಕ್ಕೇ ಬರುತ್ತದೆ. ಮನೆ ಮಾರಬೇಕಾಗುವುದಿಲ್ಲ. ನಿನ್ನಮ್ಮನ ಕೋಣೆಯನ್ನು ಬಾಡಿಗೆಗೆ ಕೊಡಬೇಕಾಗುತ್ತದೆ. ಅಷ್ಟೇ. ಅಷ್ಟೇ ಎಂದು ಬರೆದು ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ.

ತಪ್ಪಿಸಿಕೊಳ್ಳಲು ಒಂದು ದಾರಿಯಿದೆ. ಜಂಟಿ ಮಾಲೀಕರಿಬ್ಬರೂ, ಒಬ್ಬರು ಸಾಯುವುದಕ್ಕೆ ಮುಂಚಿನ ಒಂದು ಇಡೀ ವರ್ಷ, ಅದೇ ಮನೆಯಲ್ಲಿ ವಾಸವಿದ್ದರೆ ತೆರಿಗೆ ಹಳೆಯದೇ. ಉಳಿದವನು ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ನಿನ್ನಮ್ಮ ಹೋದದ್ದು ಜೂನ್ ಕೊನೆಗೆ. ಈ ಮನೆಯ ಮೆಟ್ಟಿಲಿಳಿದು ನಿನ್ನ ಸ್ಯಾನ್ ಡಿಯಾಗೊಗೆ ಹೊರಟದ್ದು ಅದರ ಹಿಂದಿನ ಅಕ್ಟೋಬರ್‌ನಲ್ಲಿ. ನಡುವೆ ಎಂಟು ತಿಂಗಳು.

ಕೌಂಟಿ ಕಚೇರಿಗೆ ಹೋಗಿ ಕೇಳಿದೆ. ಮೂರನೇ ಕಿಟಕಿಯ ಹೆಂಗಸು ನಮ್ಮವಳೇ, ನಮ್ಮ ಇಲೋಕಾನೊ ಭಾಷೆಯವಳು, ನನ್ನ ಹೆಸರು ನೋಡಿದ್ದೇ ತಡ ಊರು ಕೇಳಿದಳು, ಸುತ್ತುಬಳಸಿ ನಂಟಸ್ತನ ಹುಡುಕಿದಳು, ಸಿಗಲಿಲ್ಲ, ಆದರೂ 'ಮನೊಂಗ್' ಎಂದು ಅಣ್ಣನನ್ನು ಕರೆದ ಹಾಗೆ ಕರೆದಳು, ನಾನು ನಿನ್ನಮ್ಮನನ್ನು 'ಮನಾಂಗ್' ಎನ್ನುತ್ತಿದ್ದ ಹಾಗೆ.

'ಆ ವರ್ಷ ಪೂರ್ತಿ ಅಕ್ಕ ನಿಮ್ ಜೊತೇಲೇ ಇದ್ರಾ ಮನೊಂಗ್?'

'ವಾಸ ಅಂದ್ರೆ ಏನು?' ಎಂದು ಕೇಳಿದೆ.

'ಅಯ್ಯೋ, ವಾಸ ಅಂದ್ರೆ ವಾಸ. ಆಸ್ಪತ್ರೇಲಿ ಮಲಗಿದ್ರೆ, ಮಗಳ ಮನೇಲಿ ನಾಲ್ಕು ದಿನ ಇದ್ರೆ ಅದೇನೂ ಅಡ್ಡಿ ಬರಲ್ಲ. ವಾಪಸ್ ಬರೋ ಮನಸ್ಸಿಟ್ಕೊಂಡು ಹೋಗಿದ್ರೆ ಇದೇ ಅವರ ಮನೆ. ಬಿಟ್ಟೇ ಹೋಗಿದ್ರೆ ಅದು ಬೇರೆ ಕಥೆ.'

'ನಾಲ್ಕು ದಿನ ಅಲ್ಲಮ್ಮ, ಎಂಟು ತಿಂಗಳು.'

ಅವಳು ಕನ್ನಡಕ ಮೇಲೇರಿಸಿದಳು. 'ಉದ್ದ ಆಯ್ತು. ನಾನು ಆಗತ್ತೆ ಅಂತ ಹೇಳಲ್ಲ, ಆಗಲ್ಲ ಅಂತಾನೂ ಹೇಳಲ್ಲ. ಬರೋ ಮನಸ್ಸಿತ್ತು ಅನ್ನೋಕೆ ಏನಾದ್ರೂ ಸಾಕ್ಷಿ ಇದ್ರೆ ತನ್ನಿ. ಕಾಗದ, ಪತ್ರ, ಏನಾದ್ರೂ. ಮೇಲಿನವರು ನೋಡ್ತಾರೆ.'

ಮನಸ್ಸಿಗೆ ಸಾಕ್ಷಿ ತರಬೇಕಂತೆ ರೋಸೆಲ್! ಜಗತ್ತಿನಲ್ಲಿ ಯಾವ ಪಾದ್ರಿಯೂ, ಯಾವ ಹೆಂಡತಿಯೂ ಕೇಳದ ಪ್ರಶ್ನೆಯನ್ನು ತೆರಿಗೆ ಇಲಾಖೆ ಕೇಳುತ್ತಿದೆ. ನಗು ಬಂತು. ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತಾಗ ನಗು ಹೋಯಿತು. ಯಾಕೆಂದರೆ ನಾನು ಇಡೀ ವರ್ಷ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೂ ಅದೇ. ನನ್ನಕ್ಕ ಮಗಳನ್ನು ನೋಡಲು ಹೋಗಿದ್ದಳೇ, ನನ್ನನ್ನು ಬಿಟ್ಟು ಹೋಗಿದ್ದಳೇ?

ಜಗಳದ ವಿಷಯ ನಿನ್ನಮ್ಮ ನಿನಗೆ ಹೇಗೆ ಹೇಳಿದಳೋ ಗೊತ್ತಿಲ್ಲ. ನಾನು ಹೇಳುವುದನ್ನೂ ಕೇಳು. ನಿನ್ನಜ್ಜಿ ಸಾಯುವ ಬೇಸಿಗೆಯಲ್ಲಿ ಹುದುಗು ಹಾಕಿದ ಮೀನಿನ ಗೊಜ್ಜು, ಬಗೂಂಗ್, ಗ್ಯಾರೇಜಿನ ಮೂಲೆಯಲ್ಲಿ ನಾಲ್ಕು ವರ್ಷದಿಂದ ಇತ್ತು. ಮಣ್ಣಿನ ಜಾಡಿ, ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಕಲ್ಲು. ನಿನ್ನಮ್ಮ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಪಿನಕ್ಬೆಟ್ ಪಲ್ಯ ಮಾಡುವ ದಿನ ತಾನೇ ಇಳಿದು ಹೋಗಿ ಅರ್ಧ ಚಮಚ ತರುತ್ತಿದ್ದಳು, ಬದನೆ ಹಾಗಲಕಾಯಿಗೆ ಅದು ಬಿದ್ದರೆ ಇಡೀ ಮನೆ ನಿನ್ನಜ್ಜಿಯ ಸೆರಗಿನ ಹಾಗೆ ವಾಸನೆ ಬರುತ್ತಿತ್ತು. ಆ ಭಾನುವಾರ ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಹೆಂಗಸನ್ನು ಊಟಕ್ಕೆ ಕರೆದಿದ್ದೆ. ನಮ್ಮ ಕಚೇರಿಯಲ್ಲಿ ಪಾರ್ಸೆಲ್ ನೋಡಿಕೊಳ್ಳುವ ಬರ್ನಡೆಟ್. ಗ್ಯಾರೇಜಿನ ಮೂಲಕವೇ ಮೇಲೆ ಬರಬೇಕಲ್ಲ, ವಾಸನೆ ಬಡಿಯುತ್ತದೆ ಎಂದು ನಾನು ಬೆಳಿಗ್ಗೆಯೇ ಜಾಡಿಯನ್ನು ಎತ್ತಿ ಕಸದ ಗಾಡಿಗೆ ಹಾಕಿಬಿಟ್ಟೆ. ಕೆಟ್ಟುಹೋಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಇಲೋಕಾನೊ ಹೊಟ್ಟೆಯಲ್ಲಿ ಹುಟ್ಟಿ ಬಗೂಂಗ್ ಕೆಟ್ಟುಹೋಗಿದೆ ಎಂದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಬರ್ನಡೆಟ್ ಎದುರಿಗೇ ನಡೆಯಿತು.

'ಅಮ್ಮನ ಜಾಡಿ ಎಲ್ಲೋ?'

'ಅದು ಕೆಟ್ಟೋಗಿತ್ತು ಮನಾಂಗ್. ವಾಸ್ನೆ ಬರ್ತಿತ್ತು.'

'ವಾಸ್ನೆ ಬರ್ದೆ ಇನ್ನೇನು ಸೆಂಟು ಬರತ್ತಾ? ಮೀನು ಕಣೋ ಅದು! ಕೆಟ್ಟಿರೋದು ಜಾಡಿ ಅಲ್ಲ, ನಿನ್ ಮೂಗು. ಅಮ್ಮನ ಕೈ ಕಣೋ ಅದು. ಅಮ್ಮನ ಕೈನ ಕಸಕ್ಕೆ ಹಾಕಿದೀಯ.'

'ಒಂದು ಜಾಡಿಗೆ ಇಷ್ಟು ರಂಪ ಮಾಡ್ತೀಯಲ್ಲ, ಬಂದೋರ ಮುಂದೆ!'

'ಬಂದೋರು ಹೋಗ್ತಾರೆ ಬಿಡು.'

'ನಾನು ಆಮೇಲೆ ಇನ್ನೊಂದ್ಸಲ ಬರ್ಲಾ?' ಎಂದು ಬರ್ನಡೆಟ್ ಕೇಳಿದಳು, ಪಾಪ, ಕೈಯಲ್ಲಿ ನೂಡಲ್ಸಿನ ತಟ್ಟೆ ಹಿಡಿದುಕೊಂಡೇ. ಇನ್ನೊಂದು ಸಲ ಅವಳು ಬರಲಿಲ್ಲ.

ಅವಳು ಹೋದ ಮೇಲೆ ನಾನು ನಿನ್ನಮ್ಮನಿಗೆ ಒಂದು ಮಾತು ಹೇಳಿದೆ. ನಿನಗೆ ಗೊತ್ತಿರಬಹುದು, ಇಲ್ಲದಿದ್ದರೆ ಈಗ ಗೊತ್ತಾಗಲಿ. 'ನೀನಿರೋ ತನಕ ಈ ಮನೇಲಿ ನನಗೊಂದು ಬದುಕು ಆಗಲ್ಲ' ಎಂದೆ. ಹನ್ನೆರಡನೇ ವಯಸ್ಸಿಗೆ ಈ ದೇಶಕ್ಕೆ ಬಂದು, ಹದಿನಾರನೇ ವಯಸ್ಸಿಗೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ತೊಳೆದು ಉಣಿಸಿ ಮಲಗಿಸಿದವಳಿಗೆ. ಅವಳು ತಿರುಗಿ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮರುದಿನ ಮಧ್ಯಾಹ್ನ ನಾನು ಕೆಲಸದಿಂದ ಬರುವ ಹೊತ್ತಿಗೆ ಟ್ಯಾಕ್ಸಿ ಬಂದು ಹೋಗಿತ್ತು.

ಈಗ ಸಾಕ್ಷಿಯ ಮಾತು. ಬಿಟ್ಟೇ ಹೋದಳು ಎನ್ನಲು ನನ್ನ ಹತ್ತಿರ ಒಂದೇ ಸಾಕ್ಷಿ: ಬಾಲಯೇಸುವಿನ ಮೂರ್ತಿಯನ್ನು ತೆಗೆದುಕೊಂಡು ಹೋದಳು. ಟಿವಿಯ ಮೇಲಿನ ಗೂಡಿನಲ್ಲಿ ಧೂಳಿಲ್ಲದ ಒಂದು ಗುಂಡಗಿನ ಜಾಗ ಉಳಿಯಿತು. ದೇವರನ್ನೇ ಎತ್ತಿಕೊಂಡು ಹೋದವರು ವಾಪಸ್ ಬರುತ್ತಾರೆಯೇ ಎಂದು ಅವತ್ತು ನಾನು ಸೋಫಾದ ಮೇಲೆ ಕೂತುಬಿಟ್ಟೆ. ಆದರೆ ಜನವರಿಯ ಹಬ್ಬಕ್ಕೆ ಆ ಮೂರ್ತಿಗೆ ತೊಡಿಸುವ ಕೆಂಪು ಮಖಮಲ್ ಅಂಗಿ ಇಲ್ಲೇ ಇದೆ, ಅವಳ ಬೀರುವಿನಲ್ಲಿ, ಇಸ್ತ್ರಿಯಾಗಿ. ಹಬ್ಬಕ್ಕೆ ಮುಂಚೆ ಬರುವ ಲೆಕ್ಕ ಇಟ್ಟಿದ್ದಳೋ, ಕೋಪದಲ್ಲಿ ಮರೆತಳೋ? ಅನ್ನದ ಕುಕ್ಕರನ್ನೂ ಒಯ್ದಿದ್ದಳು, ಅದನ್ನು ನಾನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ನಮ್ಮ ಜನ ಎರಡು ದಿನದ ಪ್ರವಾಸಕ್ಕೂ ಕುಕ್ಕರ್ ಒಯ್ಯುತ್ತಾರೆ.

ನನ್ನ ದೊಡ್ಡ ಸಾಕ್ಷಿ ಬೇರೆ ಇದೆ. ಅದು ನನ್ನ ಕಸುಬಿನದು. ಮನುಷ್ಯ ಮನೆ ಬಿಡುವುದು ಹೆಜ್ಜೆ ಹೊರಗಿಟ್ಟ ದಿನವಲ್ಲ, ವಿಳಾಸ ಬದಲಾವಣೆಯ ಚೀಟಿ ತುಂಬಿಸಿ ಅಂಚೆ ಕಚೇರಿಗೆ ಕೊಟ್ಟ ದಿನ. ಗಂಡ ಹೆಂಡಿರು ಬೇರೆಯಾಗುವುದು ನನಗೆ ವಕೀಲರಿಗಿಂತ ಮುಂಚೆ ತಿಳಿಯುತ್ತದೆ. ನಿನ್ನಮ್ಮ ಆ ಚೀಟಿ ತುಂಬಲಿಲ್ಲ. ಪ್ರತಿದಿನ ನೋಡುತ್ತಿದ್ದೆ. ನಮ್ಮ ಬೀದಿಯ ಪತ್ರಗಳನ್ನು ವಿಂಗಡಿಸುವವನೂ ನಾನೇ ತಾನೇ? ಅವಳ ಔಷಧದಂಗಡಿಯ ಕಾಗದ, ಚರ್ಚಿನ ಪತ್ರಿಕೆ, ಪಿಂಚಣಿಯವರ ಲಕೋಟೆ ಎಲ್ಲ ಈ ವಿಳಾಸಕ್ಕೇ ಬಂದವು. ಎಂಟು ತಿಂಗಳೂ ಬಂದವು. ಒಂದೊಂದು ಬಂದಾಗಲೂ, ಹೊಸ ವಿಳಾಸದ ಹಳದಿ ಚೀಟಿ ಅಂಟಿಲ್ಲ, ಸದ್ಯ ಇನ್ನೂ ಇಲ್ಲಿಯವಳೇ ಎಂದುಕೊಂಡು ಅವಳ ಹಾಸಿಗೆಯ ಮೇಲೆ ಇಡುತ್ತಿದ್ದೆ. ಆ ರಾಶಿ ಹಾಗೇ ಇದೆ. ದಿಂಬಿಗಿಂತ ಎತ್ತರವಾಗಿದೆ.

ಅವಳಿಂದ ಮಾತ್ರ ನನಗೆ ಒಂದು ಅಕ್ಷರವೂ ಬರಲಿಲ್ಲ. ಕ್ರಿಸ್‌ಮಸ್‌ಗೆ ನೀನು ಫೋನ್ ಮಾಡಿದಾಗ ಹಿಂದಿನಿಂದ ಅವಳ ದನಿ ಕೇಳಿತು. 'ಮೊಣಕಾಲಿಗೆ ಎಣ್ಣೆ ಹಚ್ಕೋತಾನಾ ಕೇಳು. ನಾನು ಕೇಳ್ದೆ ಅಂತ ಹೇಳ್ಬೇಡ.' ನೀನು ಕೇಳಿದೆ, ಹಚ್ಚಿಕೊಳ್ಳುತ್ತೇನೆ ಎಂದೆ. ಹಚ್ಚಿಕೊಳ್ಳುತ್ತಿರಲಿಲ್ಲ. ಅವತ್ತಿನಿಂದ ಹಚ್ಚಿಕೊಳ್ಳುತ್ತಿದ್ದೇನೆ. ಅದು ನಾನು ಕೇಳಿದ ಅವಳ ಕೊನೆಯ ಮಾತು, ಅದೂ ನನಗೆ ಆಡಿದ್ದಲ್ಲ.

ಜೂನ್‌ನಲ್ಲಿ ಅವಳು ಬಂದಳು. ಅಪ್ಪ ಅಮ್ಮನ ಪಕ್ಕದ ಜಾಗ ಮೊದಲೇ ಗೊತ್ತು ಮಾಡಿತ್ತಲ್ಲ, ಕೋಲ್ಮಾದ ಸಮಾಧಿಭೂಮಿಯಲ್ಲಿ. ಈ ಮನೆಯಿಂದ ಎರಡು ಮೈಲಿ. ನಿಮ್ಮ ಗಾಡಿ ಹೆದ್ದಾರಿಯಿಂದ ಇಳಿದು ನಮ್ಮ ಬೀದಿಯ ತಲೆಯನ್ನು ದಾಟಿಯೇ ಹೋಗಿರಬೇಕು, ಬೇರೆ ದಾರಿಯಿಲ್ಲ. ಎಂಟು ತಿಂಗಳ ಮೇಲೆ ಊರಿಗೆ ಬಂದವಳು ಮನೆಗೆ ಬರಲಿಲ್ಲ. ಅವತ್ತು ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪಾದ್ರಿ ಯಾವ ಗುಂಡಿಯ ಮುಂದೆ ನಿಂತಿದ್ದಾರೆಂದು ಕಾಣದೆ ಪಕ್ಕದ ಅಂತ್ಯಕ್ರಿಯೆಗೆ ಬಂದವರು ನಮ್ಮಲ್ಲಿ ಬಂದು ನಿಂತು ಅತ್ತರು. ನಿನ್ನಮ್ಮ ನಕ್ಕಿರುತ್ತಾಳೆ. ನೀನು ಮಾತ್ರ ಅವತ್ತು ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಳ್ಳಲಿಲ್ಲ. ಎಂಟು ವರ್ಷದವಳಾಗಿ, ಅಪ್ಪನನ್ನು ಕಳೆದುಕೊಂಡು ಅಮ್ಮನ ಜೊತೆ ಈ ಮನೆಗೆ ಬಂದ ದಿನದಿಂದ ಒಂದು ಸಲವೂ ತಪ್ಪಿಸದವಳು, ಎಲ್ಲ ಹಿರಿಯರ ಕೈಯನ್ನೂ ಮುಟ್ಟಿ ನನ್ನ ಮುಂದೆ ಬಂದು ತಲೆಯಾಡಿಸಿ ಮುಂದೆ ಹೋದೆ. ನಾನು ಕೈಯನ್ನು ಅರ್ಧ ಎತ್ತಿದ್ದೆ. ಆಮೇಲೆ ಕೋಟಿನ ಜೇಬಿಗೆ ಹಾಕಿಕೊಂಡೆ. ಚಳಿ ಇತ್ತಲ್ಲ.

ಒಂಬತ್ತು ದಿನದ ಪ್ರಾರ್ಥನೆಗೆ ಚರ್ಚಿನ ಹೆಂಗಸರು ಇಲ್ಲಿಗೆ ಬಂದಿದ್ದರು. ಒಬ್ಬಳು ಕೇಳಿದಳು, ಲಿಟಾ ಇಷ್ಟು ದಿನ ಎಲ್ಲಿದ್ದಳೆಂದು. 'ಮಗಳ ಮನೆಗೆ ಹೋಗಿದ್ಳು. ಬರೋಳಿದ್ಳು' ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು, ಕೇಕಿನ ತಟ್ಟೆ ದಾಟಿಸುತ್ತಾ! ಅದೇ ಮಾತನ್ನು ಫಾರ್ಮಿನಲ್ಲಿ ಬರೆಯಲು ಹದಿನೈದು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ. ಕೆಳಗೆ 'ಸುಳ್ಳಾದರೆ ಶಿಕ್ಷೆಗೆ ಬದ್ಧ' ಎಂದು ಅಚ್ಚಾಗಿದೆ. ಶಿಕ್ಷೆಯ ಹೆದರಿಕೆಯಿಲ್ಲ. ಬರೆದದ್ದು ನಿಜವೋ ಸುಳ್ಳೋ ಎಂದೇ ತಿಳಿಯದೆ ಸಹಿ ಹಾಕುವುದು ಹೇಗೆ?

ಆದ್ದರಿಂದ ನಿನ್ನಲ್ಲಿ ಕೇಳಿಕೊಳ್ಳುವುದು ಇಷ್ಟೇ. ಅಮ್ಮನ ಸಾಮಾನುಗಳನ್ನು ನೋಡುವಾಗ, ಮನೆಗೆ ಬರುವ ಮನಸ್ಸಿತ್ತು ಎಂದು ತೋರಿಸುವ ಏನಾದರೂ ಇದ್ದರೆ, ಬಸ್ಸಿನ ಟಿಕೆಟಾಗಲಿ, ಡೈರಿಯ ಒಂದು ಸಾಲಾಗಲಿ, ಯಾವುದಾದರೂ ಕಾಗದವಾಗಲಿ, ನನಗೆ ಕಳಿಸು. ಬರುವ ಮನಸ್ಸಿರಲಿಲ್ಲ ಎಂದು ತೋರಿಸುವುದು ಸಿಕ್ಕರೆ ಅದನ್ನೂ ಕಳಿಸು. ಹಾಗಾದರೆ ಕೋಣೆ ಖಾಲಿ ಮಾಡಿ ಬಾಡಿಗೆಯ ಫಲಕ ಹಾಕುತ್ತೇನೆ. ಯಾವುದಾದರೂ ಒಂದು ಆಗಲಿ. ಇನ್ನೊಂದು ಮಾತು: ತೆರಿಗೆ ಏನೇ ಆದರೂ ಈ ಮನೆಯ ಮೇಲೆ ನಿನ್ನ ಹೆಸರನ್ನು ನನ್ನ ಹೆಸರಿನ ಜೊತೆ ಬರೆಸುತ್ತೇನೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಡ್ಯೂಟಿಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಿ ಬಿಸಿಲು ಜಾಸ್ತಿ, ಟೋಪಿ ಹಾಕಿಕೋ. ಇಲ್ಲಿ ಎಂದಿನಂತೆ ಮಂಜು ಮತ್ತು ನಾನು; ಎದ್ದರೂ ಕಾಣೆವು, ಕೂತರೂ ಕಾಣೆವು.

ನಿನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು,
ಅಂಕಲ್ ನಾಟೊ

ಮ.ವಿ.: ಲಕೋಟೆ ಅಂಟಿಸಿದ್ದೆ, ಅಂಚೆಚೀಟಿಯನ್ನೂ ಹಚ್ಚಿದ್ದೆ. ಮತ್ತೆ ಹರಿದು ತೆಗೆದೆ. ಅವಳಿಂದ ಒಂದು ಅಕ್ಷರವೂ ಬರಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಮಾರ್ಚ್‌ನಲ್ಲಿ ಪತ್ರ ಬಂತು. ವಿಂಗಡಿಸುವ ಮೇಜಿನ ಮೇಲೆ, ನನ್ನ ಕೈಗೇ. ಅವಳ ಗುಂಡು ಅಕ್ಷರ, ದಪ್ಪ ಲಕೋಟೆ, ಒಳಗೆ ಎರಡು ಮೂರು ಹಾಳೆ. ಐದು ತಿಂಗಳು ಕಾದಿದ್ದ ಕೋಪ ನನಗೆ. ತೆರೆಯಲಿಲ್ಲ. 'ಸ್ವೀಕರಿಸಲು ನಿರಾಕರಿಸಿದ್ದಾರೆ' ಎಂದು ಕೆಂಪು ಪೆನ್ನಿನಲ್ಲಿ ನಾನೇ ಬರೆದು ವಾಪಸಿನ ತಟ್ಟೆಗೆ ಹಾಕಿದೆ. ಕೈಗೆ ಸಿಕ್ಕ ತಕ್ಷಣ ಫೋನ್ ಮಾಡಿ ಬೈಯುತ್ತಾಳೆ, ಬೈಗುಳದಲ್ಲೇ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಅವಳು ಮಾಡಲಿಲ್ಲ. ನಾನೂ ಮಾಡಲಿಲ್ಲ. ಆಮೇಲೆ ಜೂನ್ ಬಂತು. ಅದು ನಿನ್ನ ಮನೆಯ ವಿಳಾಸಕ್ಕೇ ತಿರುಗಿ ಬಂದಿರುತ್ತದೆ. ಅದಕ್ಕೇ ನೀನು ನನ್ನ ಕೈ ಮುಟ್ಟಲಿಲ್ಲ ಎಂದು ನನಗೆ ಗೊತ್ತು. ತೆರಿಗೆ ಗಿರಿಗೆ ಎಲ್ಲ ನೆಪ ರೋಸೆಲ್. ಕೌಂಟಿಯವರಿಗೆ ಆ ಪತ್ರ ತೋರಿಸುವುದಿಲ್ಲ, ಹೊಸ ದರವನ್ನೇ ಕಟ್ಟುತ್ತೇನೆ. ಆ ಲಕೋಟೆ ಹುಡುಕಿ, ಒಡೆದು, ಫೋನ್ ಮಾಡಿ ನನಗೆ ಓದಿ ಹೇಳು. ಬರುತ್ತೇನೆ ಎಂದು ಬರೆದಿದ್ದರೂ ಓದು, ಬರುವುದಿಲ್ಲ ಎಂದು ಬರೆದಿದ್ದರೂ ಓದು. ನಾನು ಫೋನ್ ಎತ್ತಿಕೊಳ್ಳುತ್ತೇನೆ.